ನರ್ಸಿಂಗ್ ಸೀಟಿಗೆ ಎಷ್ಟು ಸಾಲ? ಸಂಬಳದಿಂದ ಹಿಂದಕ್ಕೆ ಲೆಕ್ಕ ಹಾಕಿ

ಶಿಕ್ಷಣ ಸಾಲ 4 ಲಕ್ಷದವರೆಗೆ ಜಾಮೀನಿಲ್ಲದೆ ಸಿಗುತ್ತದೆ, ಸಾಮಾನ್ಯವಾಗಿ 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಾಗಿಲ್ಲ. ಸಲೀಸಾಗಿ ಸಿಗುತ್ತದೆಂದೇ ಬಿಎಸ್ಸಿ ನರ್ಸಿಂಗ್ ಸೇರುವವರು ಕಾಲೇಜು ಹೇಳಿದ ಫೀಸಿನಷ್ಟೂ ಸಾಲ ಎತ್ತಿಬಿಡುತ್ತಾರೆ. ಅದು ಭಾರವಾಗುವುದು ಐದು ವರ್ಷದ ನಂತರ.

ಒಂದು ಲೆಕ್ಕ ನೋಡಿ. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಸರಳ ಬಡ್ಡಿ 75,000, ಎರಡನೆಯದಕ್ಕೆ 60,000, ಮೂರನೆಯದಕ್ಕೆ 45,000, ಕೊನೆಯದಕ್ಕೆ 30,000. ಒಟ್ಟು 2.10 ಲಕ್ಷ. ಇದು ಅಸಲಿಗೆ ಸೇರಿ, ಕಂತು ಶುರುವಾಗುವ ದಿನ ಬಾಕಿ 8.10 ಲಕ್ಷ. ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,700. ಹದಿನೈದು ವರ್ಷಕ್ಕಾದರೆ 8,700. ಕಂತು 2,000 ಇಳಿದದ್ದು ಕಾಣುತ್ತದೆ, ಒಟ್ಟು ಕಟ್ಟುವ ಹಣ 2.8 ಲಕ್ಷದಷ್ಟು ಏರಿದ್ದು ಕಾಣುವುದಿಲ್ಲ.

ಇನ್ನು ಸಂಬಳ. ಕಾಲೇಜಿನ ಕರಪತ್ರದಲ್ಲಿರುವ ‘ಪ್ಯಾಕೇಜ್’ ಬಿಟ್ಟುಬಿಡಿ. ಅದೇ ಕಾಲೇಜಿನಿಂದ ಕಳೆದ ವರ್ಷ ಹೊರಬಂದ ನಾಲ್ಕೈದು ಮಂದಿಯನ್ನು ಹುಡುಕಿ, ಬ್ಯಾಂಕ್ ಖಾತೆಗೆ ಬೀಳುವ ಮೊತ್ತ ಎಷ್ಟೆಂದು ಕೇಳಿ. ಆಫರ್ ಪತ್ರದಲ್ಲಿ 20,000 ಎಂದಿದ್ದು ಮೂಲವೇತನ 12,000 ಆಗಿದ್ದರೆ ಪಿಎಫ್‌ಗೆ 1,440, ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) 150 ಹೋಗಿ ಕೈಗೆ ಬರುವುದು 18,410. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳಿಗೆ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000ಕ್ಕೆ ಕಡಿಮೆಯಾಗಬಾರದು ಎಂದು ಸುಪ್ರೀಂ ಕೋರ್ಟ್ ನಿರ್ದೇಶನದಂತೆ ರಚನೆಯಾದ ತಜ್ಞರ ಸಮಿತಿ 2016ರಲ್ಲಿ ಹೇಳಿತ್ತು. ಅದು ಶಿಫಾರಸು. ಅದನ್ನೇ ನಂಬಿ ಸಾಲ ಮಾಡಬೇಡಿ.

ಕೇಂದ್ರ ಸರ್ಕಾರದ ನರ್ಸಿಂಗ್ ಆಫೀಸರ್ ಹುದ್ದೆಗೆ ಏಳನೇ ವೇತನ ಆಯೋಗದಂತೆ ಮೂಲವೇತನವೇ 44,900. ಆದರೆ ಏಮ್ಸ್ ನಡೆಸುವ ನಾರ್ಸೆಟ್‌ನಂಥ ನೇಮಕಾತಿ ಪರೀಕ್ಷೆ ಗೆದ್ದವರಿಗೆ ಮಾತ್ರ ಆ ಬಾಗಿಲು. ವಿದೇಶದ ಕೆಲಸಕ್ಕೂ ಭಾಷಾ ಪರೀಕ್ಷೆ, ಅನುಭವ, ನೋಂದಣಿ ಅಂತ ವರ್ಷಗಳು ಹಿಡಿಯುತ್ತವೆ. ಇವೆರಡನ್ನೂ ಸಾಲ ಬೇಗ ತೀರಿಸುವ ದಾರಿ ಎಂದು ಇಟ್ಟುಕೊಳ್ಳಿ. ಸಾಲದ ಮೊತ್ತ ನಿರ್ಧರಿಸುವಾಗ ಲೆಕ್ಕಕ್ಕೆ ತರಬೇಡಿ.

ಈಗ ಹಿಂದಕ್ಕೆ ಬನ್ನಿ. ಕೈಗೆ ಬರುವ ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ, ಊರಿಗೂ ಒಂದಿಷ್ಟು ಕಳಿಸುವವರಿಗೆ ಕಾಲು ಭಾಗವೂ ಬಿಗಿಯೇ. ಶೇ 10ರ ಬಡ್ಡಿ, ನಾಲ್ಕು ವರ್ಷದ ಕೋರ್ಸ್, ಹತ್ತು ವರ್ಷದ ಮರುಪಾವತಿ ಇದ್ದರೆ, ಕಟ್ಟಬಲ್ಲ ಪ್ರತಿ 1,000 ರೂಪಾಯಿ ಕಂತಿಗೆ ಸುಮಾರು 56,000 ಸಾಲ ಮಾಡಬಹುದು. ಹದಿನೈದು ವರ್ಷಕ್ಕೆ 69,000. ಕೈಗೆ 20,000 ಬರುವುದಾದರೆ ಕಂತು 5,000, ಅಂದರೆ ಸಾಲ 2.8 ಲಕ್ಷ, ವರ್ಷಕ್ಕೆ 70,000. ಮೇಲಿನ ಉದಾಹರಣೆಯ 6 ಲಕ್ಷದ ಅರ್ಧವೂ ಆಗಲಿಲ್ಲ! ಉಳಿದದ್ದಕ್ಕೆ ಸರ್ಕಾರಿ ಕಾಲೇಜು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಸಿಗುವ ಸೀಟು, ವಿದ್ಯಾರ್ಥಿವೇತನ, ಊರಿನ ಹತ್ತಿರದ ಕಾಲೇಜು ಹೀಗೆ ದಾರಿ ಹುಡುಕಬೇಕು. ಹಾಸ್ಟೆಲ್ ಖರ್ಚು ತಪ್ಪಿದರೇ ದೊಡ್ಡ ಉಳಿತಾಯ.

ಬಿಪಿಟಿ (ಫಿಸಿಯೋಥೆರಪಿ ಪದವಿ) ಸೇರುವವರು ಇಂಟರ್ನ್‌ಶಿಪ್ ಸೇರಿ ತಮ್ಮ ಕೋರ್ಸಿನ ಪೂರ್ತಿ ಅವಧಿ ಹಿಡಿದು ಇದೇ ಲೆಕ್ಕ ಮಾಡಿ. ಕೋರ್ಸ್ ನಾಲ್ಕು ವರ್ಷಕ್ಕಿಂತ ಉದ್ದವಾದಷ್ಟೂ ಬಡ್ಡಿ ಹೆಚ್ಚು ಓಡುತ್ತದೆ.

ಓದುವಾಗಲೇ ಮನೆಯವರು ಬಡ್ಡಿ ಕಟ್ಟಲು ಸಾಧ್ಯವೇ ನೋಡಿ. 6 ಲಕ್ಷದ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ 1,250, ಆಮೇಲೆ 2,500, 3,750, ಕೊನೆಯ ಎರಡು ವರ್ಷ 5,000. ಹೀಗೆ ಕಟ್ಟಿದರೆ ಬಾಕಿ 6 ಲಕ್ಷದಲ್ಲೇ ನಿಂತು ಹತ್ತು ವರ್ಷದ ಕಂತು 7,900ಕ್ಕೆ ಇಳಿಯುತ್ತದೆ. ಹಲವು ಬ್ಯಾಂಕುಗಳು ಇದಕ್ಕೆ ಬಡ್ಡಿಯಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ, ಮ್ಯಾನೇಜರ್ ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಲೆಕ್ಕ ತಪ್ಪಿಸುವ ಇನ್ನೆರಡು ಸಂಗತಿಗಳಿವೆ. ಡೊನೇಷನ್‌ಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಅದಕ್ಕೆ ಕೈಸಾಲ ಮಾಡಿದ್ದರೆ ಅದರ ಬಡ್ಡಿಯನ್ನೂ ಸೇರಿಸಿ. ಇನ್ನೊಂದು ಬಾಂಡ್: ಓದಿದ ಸಂಸ್ಥೆಯ ಆಸ್ಪತ್ರೆಯಲ್ಲೇ ಇಷ್ಟು ವರ್ಷ ದುಡಿಯಬೇಕು ಎಂಬ ಕರಾರಿದ್ದರೆ, ಆ ಅವಧಿಯ ಸಂಬಳವೇ ನಿಮ್ಮ ಲೆಕ್ಕದ ಸಂಬಳ. ಸೇರುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಿ. ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಸರ್ಕಾರವೇ ಕಟ್ಟಿದರೆ ಮೇಲಿನ 2.10 ಲಕ್ಷದ ಹೊರೆಯೇ ಇಳಿಯುತ್ತದೆ. ಕಾಲೇಜಿಗೆ ಬೇಕಾದ ಮಾನ್ಯತೆ ಇದೆಯೇ ಎಂದು ಮೊದಲು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತರಬೇಕು. ಸಾಲ ಮಂಜೂರಾಯಿತೆಂದರೆ ಸಹಾಯಧನವೂ ತಾನಾಗಿ ಬರುತ್ತದೆ ಎಂದು ಸುಮ್ಮನೆ ಕೂರಬೇಡಿ. ಅರ್ಜಿ ಪೋರ್ಟಲ್‌ಗೆ ಏರಿತೇ ಎಂದು ಪ್ರತಿ ವರ್ಷ ಶಾಖೆಗೆ ಹೋಗಿ ವಿಚಾರಿಸಿ.