ಉಪ್ಪಾಗೆ ಬೀಜಕ್ಕೆ ತಕ್ಕ ಕಾನನ್ನು ನಾನು ಗುರುತಿಸಿದ ಬಗೆ

ಸಿದ್ದಾಪುರ ಸೀಮೆಯ ಘಟ್ಟದಂಚಿನ ಕಾನುಗಳಲ್ಲಿ, ಅಂದರೆ ದಟ್ಟ ಹಸಿರುಕಾಡುಗಳಲ್ಲಿ, ಹುಳಿಹಣ್ಣಿನ ಉಪ್ಪಾಗೆ ಮರಕ್ಕೆ ಬರವಿಲ್ಲ. ಆದರೆ ಸಸಿ ಬೆಳೆಸುವುದಕ್ಕೆ ಬೀಜ ಬೇಕೆಂದು ಹೊರಟಾಗ, ಯಾವ ಕಾನಿನ ಬೀಜ ತರಬೇಕೆಂಬುದನ್ನು ತೀರ್ಮಾನಿಸಲು ನನಗೆ ಮೂರು ವರ್ಷ ಹಿಡಿಯಿತು. ಮೊದಲ ವರ್ಷ ಹಣ್ಣು ಹಳದಿಗೆ ತಿರುಗುವ ಮಳೆಗಾಲದಲ್ಲೇ ಕಾಡಿಗೆ ಹೋದೆ. ಟೊಂಗೆ ಬಾಗುವಷ್ಟು ಕಾಯಿ ಬಿಟ್ಟಿದ್ದ ಕೆಲವು ಮರಗಳಿಗೆ ಗುರುತು ಮಾಡಿ, ಕಾಯಿಲ್ಲದವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ತಪ್ಪಾಯಿತು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಸಾಮಾನ್ಯವಾಗಿ ಬೇರೆ ಬೇರೆ. ನಾನು ಬಿಟ್ಟುಬಂದವುಗಳಲ್ಲಿ ಹೆಚ್ಚಿನವು ಗಂಡು ಮರಗಳಾಗಿದ್ದವು, ಅವಿಲ್ಲದ ಕಾನಿನಲ್ಲಿ ಹೆಣ್ಣು ಮರ ಎಷ್ಟು ಎತ್ತರವಿದ್ದರೂ ಅದರ ಫಸಲನ್ನು ನಂಬುವಂತಿಲ್ಲ.

ಹಾಗಾಗಿ ಮರುವರ್ಷ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ, ಹೂವಿನ ಕಾಲಕ್ಕೆ ಹೋದೆ. ಮರದಡಿ ಬಿದ್ದ ಹೂವನ್ನು ಅಂಗೈಯಲ್ಲಿಟ್ಟು ನೋಡಿದರೆ ಸಾಕು: ನಾಲ್ಕು ಎಸಳಿನ ನಡುವೆ ಕೇಸರಗಳು ಒತ್ತಾಗಿ ಗುಂಪುಗೂಡಿದ್ದರೆ ಗಂಡು, ನಡುವೆ ದುಂಡಗಿನ ಪುಟ್ಟ ಕಾಯಿಯಂಥದ್ದು ಎದ್ದು ಕಂಡರೆ ಹೆಣ್ಣು. ಗಂಡಿಗೆ ಕೆಂಪು, ಹೆಣ್ಣಿಗೆ ಬಿಳಿ ಬಟ್ಟೆಚೂರು ಕಟ್ಟುತ್ತ ಹೋದಂತೆ ಕಾನಿನ ಸ್ವರೂಪವೇ ನನಗೆ ಬೇರೆಯಾಗಿ ಕಾಣತೊಡಗಿತು.

ಆದರೂ ನನ್ನ ಕೊನೆಯ ತೀರ್ಮಾನ ಮೇಲೆ ನೋಡಿದ್ದರಿಂದ ಬಂದದ್ದಲ್ಲ, ನೆಲ ನೋಡಿದ್ದರಿಂದ ಬಂದದ್ದು. 1990ರ ದಶಕದಲ್ಲಿ ಬೊಜ್ಜು ಕರಗಿಸುತ್ತವೆಂದು ಹೇಳಿ ಮಾರುವ ಔಷಧಿಗಳಿಗಾಗಿ ಉಪ್ಪಾಗೆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ಬೇಡಿಕೆ ಬಂದ ಮೇಲೆ, ಬೇರೆಯವರ ಕೈಸೇರುವ ಮೊದಲೇ ಕೊಯ್ಯಬೇಕೆಂಬ ಆತುರದಲ್ಲಿ ಹಸಿಕಾಯಿಗಳನ್ನೇ ಉದುರಿಸುವುದು, ಟೊಂಗೆಗಳನ್ನೇ ಕಡಿಯುವುದು ನಮ್ಮ ಕಡೆ ರೂಢಿಯಾಯಿತು. ಕಾಯಿ ಬಲಿಯುವುದು ಮಳೆಯಲ್ಲಿ. ಬಿಸಿಲಿಲ್ಲದ್ದರಿಂದ ಸಿಪ್ಪೆ ಒಣಗಿಸುವ ಒಲೆಗೂ ಕಟ್ಟಿಗೆ ಅದೇ ಕಾಡಿನದು. ಇಂಥ ಕಡೆ ಮರಗಳು ಕಣ್ಣಿಗೆ ಸೊಂಪಾಗಿಯೇ ಇರುತ್ತವೆ, ಆದರೆ ಬುಡದ ಸುತ್ತ ತರಗೆಲೆ ಸರಿಸಿ ಹುಡುಕಿದರೆ ಒಂದು ಸಸಿಯೂ ಸಿಗುವುದಿಲ್ಲ. ನನಗೆ ಇದನ್ನು ಕಂಡಾಗ ನಿಜಕ್ಕೂ ಸಂಕಟವಾಯಿತು.

ಕೊನೆಗೆ ನಾನು ಒಪ್ಪಿದ ಕಾನು ಹಳ್ಳದ ಪಕ್ಕದ ಇಳಿಜಾರಿನಲ್ಲಿದೆ. ಅಲ್ಲಿ ಗೇಣುದ್ದದ ಸಸಿ, ಎದೆಮಟ್ಟದ ಗಿಡ, ತೋಳುಗಾತ್ರದ ಎಳೆಮರ ಎಲ್ಲವೂ ಒಟ್ಟಿಗೆ ಇದ್ದವು. ಕೆಂಪು ಬಟ್ಟೆಯ ಮರಗಳೂ ಬಿಳಿಯವುಗಳ ನಡುವೆ ಹರಡಿಕೊಂಡಿದ್ದವು. ಅರಣ್ಯ ಇಲಾಖೆಯ ಅನುಮತಿ ಪಡೆದು, ತಾನಾಗಿ ಬಿದ್ದ ಹಣ್ಣನ್ನು ಮಾತ್ರ, ಒಂದೇ ಮರದಿಂದಲ್ಲದೆ ಹಲವು ಮರಗಳ ಬುಡದಿಂದ ಸ್ವಲ್ಪ ಸ್ವಲ್ಪವಾಗಿ ಆರಿಸುತ್ತೇನೆ. ಉಳಿದದ್ದು ಮಂಗಗಳಿಗೆ ಮತ್ತು ಆ ನೆಲಕ್ಕೆ. ಬೀಜದ ಸುತ್ತಲಿನ ಹುಳಿ ತಿರುಳನ್ನು ತೊಳೆದು, ನೆರಳಿನಲ್ಲಿ ಆರಿಸಿ, ಹೊರಸಿಪ್ಪೆಯನ್ನು ಒಳಗಿನ ಬೇಳೆಗೆ ಗಾಯವಾಗದಂತೆ ಬಿಡಿಸಿ ಬಿತ್ತುತ್ತೇನೆ; ಸಿಪ್ಪೆ ಸಮೇತ ಬಿತ್ತಿದ ಬೀಜ ಮೊಳೆಯಲು ಹಲವು ತಿಂಗಳು ಕಾಯಿಸುತ್ತದೆ.