ಪೆಟ್ಟಿಗೆ ತೆರೆಯುವ ಮೊದಲು ತುಡುವೆಯ ಮಾತು ಕೇಳುವ ಕ್ರಮ

ಶಿರಸಿ ಸೀಮೆಯ ತೋಟದ ಮನೆಗಳಲ್ಲಿ ಅಂಗಳದ ಅಂಚಿಗೋ ದರೆಯ ಮೇಲೋ ಒಂದೆರಡು ಜೇನುಪೆಟ್ಟಿಗೆ ಇರುವುದು ಹೊಸದೇನಲ್ಲ. ಹೊಸದಾಗಿ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನನ್ನು, ಸಾಕಲು ಹೊರಟವರು ಮಾಡುವ ಮೊದಲ ತಪ್ಪೆಂದರೆ, ಜೇನು ತುಂಬಿತೇ ಎಂಬ ಆತುರಕ್ಕೆ ವಾರದಲ್ಲಿ ಎರಡು ಸಲ ಮುಚ್ಚಳ ತೆಗೆಯುವುದು. ಒಳಗಿನ ಸಮಾಚಾರದ ಬಹುಪಾಲು ಬಾಗಿಲಲ್ಲೇ ಸಿಗುತ್ತದೆ. ಕೇಳುವವರಿಗೆ ವ್ಯವಧಾನ ಬೇಕು, ಅಷ್ಟೆ.

ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಹುಳುಗಳು ಹಾರುವ ದಾರಿಗೆ ಅಡ್ಡವಾಗದಂತೆ ಪೆಟ್ಟಿಗೆಯ ಮಗ್ಗುಲಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಬೇಕು. ಹಿಂಗಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡು ಬರುವ ಹುಳುಗಳು ಹೆಚ್ಚಿದ್ದರೆ ಒಳಗೆ ಉಣಿಸಬೇಕಾದ ಮರಿಗಳಿವೆ, ರಾಣಿ ಮೊಟ್ಟೆಯಿಡುತ್ತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಸೆಕೆಯ ದಿನ ಕೆಲವು ಹುಳುಗಳು ಬಾಗಿಲಲ್ಲಿ ನಿಂತು ರೆಕ್ಕೆ ಬೀಸುತ್ತವೆ. ಯುರೋಪಿನ ಜೇನನ್ನು ಕುರಿತು ಬರೆದ ಪುಸ್ತಕಗಳಲ್ಲಿ ಹೀಗೆ ಬೀಸುವ ಹುಳುವಿನ ತಲೆ ಪೆಟ್ಟಿಗೆಯ ಕಡೆಗಿರುತ್ತದೆ. ನಮ್ಮ ತುಡುವೆ ತಲೆಯನ್ನು ಹೊರಕ್ಕೆ ಮಾಡಿ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಕಣಜ ಸುಳಿದಾಗಲಂತೂ ಬಾಗಿಲಲ್ಲಿ ಗುಂಪುಗೂಡಿದ ಹುಳುಗಳು ಒಟ್ಟಿಗೆ ಮೈ ಅಲುಗಿಸಿ, ನಿನ್ನನ್ನು ಕಂಡಾಯಿತು ಎಂದು ಸಾರುತ್ತವೆ. ಆ ಅಲೆಯನ್ನು ಕಂಡ ಕಣಜ ಎಷ್ಟೋ ಸಲ ತಿರುಗಿ ಹೋಗುತ್ತದೆ. ಮೇಲೆ ಬಿದ್ದರೆ ಅದನ್ನು ಮುತ್ತಿ ಉಂಡೆಕಟ್ಟಿ ಮೈ ಶಾಖದಿಂದಲೇ ಕೊಲ್ಲುವುದುಂಟು.

ಅನಂತರ ಕಿವಿಯ ಕೆಲಸ. ಪೆಟ್ಟಿಗೆಯ ಹಿಂಬದಿಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ಒಮ್ಮೆ ಮೆಲ್ಲನೆ ತಟ್ಟಿರಿ. ಗುಂಯ್ ಎಂದು ಎದ್ದ ಸದ್ದು ಕೂಡಲೇ ಅಡಗಿದರೆ ಕುಟುಂಬ ನೆಮ್ಮದಿಯಾಗಿದೆ; ಸದ್ದು ನರಳಿದಂತೆ ಬಹಳ ಹೊತ್ತು ಎಳೆದರೆ ರಾಣಿ ಇಲ್ಲವಾಗಿರುವ ಶಂಕೆ ಇಟ್ಟುಕೊಂಡು, ಆಗ ಮಾತ್ರ ತೆರೆದು ಮೊಟ್ಟೆಗಳನ್ನು ಹುಡುಕಬೇಕು.

ತೆರೆದ ದಿನ ಆತುರಪಡದೆ ಒಂದು ಚೌಕಟ್ಟನ್ನು ಎತ್ತಿ, ನೆರಳಿನಲ್ಲಿ, ನೆಟ್ಟಗೆ ನಿಂತಿರುವಂತೆಯೇ ಹಿಡಿಯಿರಿ. ಹುಳುಗಳು ಅದರಲ್ಲಿ ಕಟ್ಟಿದ ಮೇಣದ ಹಲ್ಲೆಯ, ಅಂದರೆ ಎರಿಯ ಮೇಲೆ ಒಂದು ಹುಳು ಹಿಂಭಾಗವನ್ನು ಅದುರಿಸುತ್ತ ಸ್ವಲ್ಪ ದೂರ ನೇರ ಓಡಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಸುತ್ತಿ, ಮತ್ತೆ ಅದೇ ಗೆರೆಯಲ್ಲಿ ಓಡುತ್ತಿದ್ದರೆ, ಅದು ಮೇವಿನ ಜಾಗವನ್ನು ತನ್ನವರಿಗೆ ತಿಳಿಸುತ್ತಿದೆ. ಈ ಕುಣಿತದ ಅರ್ಥವನ್ನು ಬಿಡಿಸಿದ ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್ ಅವರು 1973ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು. ಓದುವ ರೀತಿ ಇಷ್ಟೇ: ಎರಿಯ ಮೇಲ್ದಿಕ್ಕನ್ನು ಸೂರ್ಯನೆಂದು ಎಣಿಸಬೇಕು. ನೇರ ಮೇಲಕ್ಕೆ ಓಡಿದರೆ ಹೂವು ಸೂರ್ಯನಿರುವ ದಿಕ್ಕಿನಲ್ಲಿದೆ, ಕೆಳಕ್ಕೆ ಓಡಿದರೆ ಅದಕ್ಕೆ ಬೆನ್ನಾಗಿ. ಯುಗಾದಿಯ ಆಸುಪಾಸಿನಲ್ಲಿ ಬೆಳಿಗ್ಗೆ 8ರ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ಪೂರ್ವದಲ್ಲೇ ಇರುತ್ತಾನೆ. ಆಗ ಹುಳು ನಿಮ್ಮ ಎಡಗೈ ಕಡೆಗೆ ಅಡ್ಡಲಾಗಿ ಓಡಿದರೆ ಮೇವು ಉತ್ತರದಲ್ಲಿದೆ. ಆ ದಿಕ್ಕಿನ ಬೆಟ್ಟದಲ್ಲಿ ನೇರಳೆಯೋ ಅಂಟುವಾಳವೋ ಹೂಬಿಟ್ಟಿದೆಯೇ ಎಂದು ನೀವೇ ಹೋಗಿ ನೋಡಬಹುದು. ಅದುರುವ ಓಟ ದೀರ್ಘವಾದಷ್ಟೂ ಮೇವು ದೂರ. ಆದರೆ ಇಷ್ಟು ಸೆಕೆಂಡಿಗೆ ಇಷ್ಟು ದೂರ ಎಂಬ ವಿದೇಶಿ ಜೇನಿನ ಲೆಕ್ಕ ತುಡುವೆಗೆ ಹೊಂದುವುದಿಲ್ಲ, ಏಕೆಂದರೆ ಜೇನಿನ ಜಾತಿ ಬದಲಾದಂತೆ ಈ ಅಳತೆಯೂ ಬದಲಾಗುತ್ತದೆ.

ನಾವು ಹುಳುಗಳಿಗೆ ಏನು ಹೇಳುತ್ತಿದ್ದೇವೆ ಎಂಬುದನ್ನು ಸಾಕುವವರು ಮರೆಯುತ್ತಾರೆ. ಪೆಟ್ಟಿಗೆಗೆ ತಗುಲಿದ ಪೆಟ್ಟು, ಎರಿಯ ಮೇಲೆ ಬಿದ್ದ ಉಸಿರು, ಕಪ್ಪು ಕಂಬಳಿ ಇವೆಲ್ಲ ಅವಕ್ಕೆ ಶತ್ರು ಬಂದ ಸೂಚನೆ. ಒಂದು ಹುಳು ಚುಚ್ಚಿದಾಗ ಹೊರಬೀಳುವ ವಾಸನೆ, ಅಟ್ಟದಲ್ಲಿ ಗೊನೆ ಹಣ್ಣಾದಾಗ ಬರುವ ಬಾಳೆಹಣ್ಣಿನ ಪರಿಮಳವನ್ನೇ ಹೋಲುತ್ತದೆ. ಇಲ್ಲಿಯೇ ಚುಚ್ಚಿರಿ ಎಂದು ಉಳಿದವಕ್ಕೆ ಕೊಡುವ ಕರೆ ಅದು. ಮೊದಲ ವರ್ಷ ನಾನು ಮುಳ್ಳನ್ನು ತೆಗೆಯದೆ ಕೈಯನ್ನು ಝಾಡಿಸುತ್ತ ನಿಂತು, ಅದೇ ಮಣಿಕಟ್ಟಿಗೆ ಇನ್ನೂ ನಾಲ್ಕು ಚುಚ್ಚಿಸಿಕೊಂಡೆ. ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆದು, ಆ ಜಾಗಕ್ಕೆ ಹೊಗೆ ಹಿಡಿದು, ಸದ್ದಿಲ್ಲದೆ ದೂರ ಸರಿಯಬೇಕು. ಹೊಗೆ ಆ ವಾಸನೆಯನ್ನು ಮರೆಮಾಡುತ್ತದೆ. ಉಸಿರುಕಟ್ಟುವುದು, ಮುಖ ಊದುವುದು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈ ಸಲಿಗೆಯನ್ನು ಹೆಜ್ಜೇನಿನ ಹತ್ತಿರ ತೋರಿಸಬೇಡಿ. ದೊಡ್ಡ ಮರದ ಕೊಂಬೆಗೆ ಜೋತುಬಿದ್ದ ಅದರ ಎರಿಯ ಮೇಲೆ ಅಲೆ ಹೊಡೆದಂತೆ ಹುಳುಗಳು ಮತ್ತೆ ಮತ್ತೆ ಮಿರುಗತೊಡಗಿದರೆ ಅದೂ ಎಚ್ಚರಿಕೆಯ ಮಾತೇ, ಮತ್ತು ಅದಕ್ಕೆ ಕೊಡಬೇಕಾದ ಉತ್ತರ ಬಂದ ದಾರಿಯಲ್ಲೇ ಹಿಂದಿರುಗುವುದು.