ಸೇಜ್ ರ್ಯಾಟ್ ಬೇಟೆಗೆ ನಾನು ಸ್ಕೋಪ್ ಹೊಂದಿಸಿಕೊಂಡಿದ್ದು ಹೀಗೆ

ಅಮೆರಿಕದ ಪೂರ್ವ ಒರೆಗಾನ್‌ನ ಬರ್ನ್ಸ್ ಊರಿನ ಸುತ್ತ ಆಲ್ಫಾಲ್ಫಾ ಹೊಲಗಳು ಜಾಸ್ತಿ. ನಮ್ಮ ಕಡೆ ಕುದುರೆ ಮಸಾಲೆ ಅಂತಾರಲ್ಲ, ಅದೇ ಮೇವು. ಚಳಿಗಾಲ ಮುಗಿಯುತ್ತಿದ್ದ ಹಾಗೆ ಬೆಲ್ಡಿಂಗ್ಸ್ ಗ್ರೌಂಡ್ ಸ್ಕ್ವಿರಲ್ ಅನ್ನುವ ನೆಲದಳಿಲುಗಳು ಬಿಲದಿಂದೆದ್ದು ಚಿಗುರೆಲ್ಲ ಮೇಯುತ್ತವೆ. ಅಲ್ಲಿಯವರು ಕರೆಯುವುದು ಸೇಜ್ ರ್ಯಾಟ್ ಅಂತ. ಬೆಳೆ ಉಳಿಯಬೇಕಲ್ವಾ, ಕೇಳಿದರೆ ಹೊಲದವರು ಬೇಟೆಗೆ ಒಪ್ಪುತ್ತಾರೆ. ನಾನು ಒಯ್ಯುವುದು ಎರಡು ರೈಫಲ್. ಹತ್ತಿರಕ್ಕೆ .22 ಎಲ್‌ಆರ್ ತೋಟಾದ್ದು, ದೂರಕ್ಕೆ .223 ರೆಮಿಂಗ್ಟನ್ ತೋಟಾದ್ದು.

ಸ್ಕೋಪ್ (ರೈಫಲ್ ಮೇಲೆ ಕೂರಿಸುವ ದುರ್ಬೀನು) ಅಂದ ತಕ್ಷಣ ಜನ ಕೇಳುವುದು ಎಷ್ಟು ಪಟ್ಟು ದೊಡ್ಡದು ಕಾಣುತ್ತೆ ಅಂತ. ನಾನು ಮೊದಲು ನೋಡಿದ್ದು ದೂರವನ್ನು. .22ರಲ್ಲಿ ನನ್ನ ಗುರಿ 25ರಿಂದ 100 ಗಜದೊಳಗೆ. ಅಷ್ಟು ಹತ್ತಿರದಲ್ಲಿ ಪ್ಯಾರಲಾಕ್ಸ್, ಅಂದರೆ ಸ್ಕೋಪ್ ಯಾವ ದೂರಕ್ಕೆ ಹೊಂದಿಕೊಂಡಿದೆ ಅನ್ನುವುದು, ದೊಡ್ಡ ವಿಷಯ. ಅದು ಸರಿಯಿಲ್ಲದಿದ್ದರೆ ಕಣ್ಣು ಸ್ವಲ್ಪ ಸರಿದರೂ ಸ್ಕೋಪಿನೊಳಗಿನ ಅಡ್ಡ-ಉದ್ದ ಗೀಟು, ಅಂದರೆ ಕ್ರಾಸ್‌ಹೇರ್, ಗುರಿಯ ಮೇಲೆ ಜಾರುತ್ತದೆ. ದೊಡ್ಡ ರೈಫಲ್‌ಗೆಂದು ಮಾಡಿದ ಸ್ಕೋಪ್‌ಗಳಲ್ಲಿ ಪ್ಯಾರಲಾಕ್ಸ್ ಹೆಚ್ಚಾಗಿ 100 ಇಲ್ಲವೇ 150 ಗಜಕ್ಕೆ ಕೂರಿಸಿರುತ್ತಾರೆ. 30 ಗಜದಲ್ಲಿ ನಿಂತ ಎರಡು ಮೂರು ಇಂಚು ಅಗಲದ ಪ್ರಾಣಿಗೆ ಅದು ಸಾಲದು. ಅದಕ್ಕೇ 10 ಗಜದಿಂದಲೇ ಪ್ಯಾರಲಾಕ್ಸ್ ತಿರುಗಿಸಿ ಹೊಂದಿಸಬಹುದಾದ 4-12 (4ರಿಂದ 12 ಪಟ್ಟು ದೊಡ್ಡದು ತೋರಿಸುವ) ಸ್ಕೋಪ್ ತೆಗೆದುಕೊಂಡೆ.

.223ಕ್ಕೆ 4-16 ಸಾಕು ಅನ್ನಿಸಿತು. 24 ಪಟ್ಟಿನದು ಕೊಳ್ಳಬಹುದಿತ್ತು. ಆದರೆ ಹೊತ್ತೇರಿದ ಮೇಲೆ ಹೊಲದ ಮೇಲೆ ಬಿಸಿಲ್ಗುದುರೆ ಎದ್ದು ಗುರಿಯೇ ಕುಣಿಯುತ್ತದೆ. ಆಗ ನಾನು ಹೇಗೂ 12ಕ್ಕೆ ಇಳಿಸಿಕೊಳ್ಳುತ್ತೇನೆ. ಪಟ್ಟು ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಗುಂಡು ಎಲ್ಲಿ ಬಿತ್ತು ಅಂತಲೂ ತಿಳಿಯುವುದಿಲ್ಲ. ಮುಂದಿನ ಗಾಜು ತುಂಬಾ ದೊಡ್ಡದಾದರೆ ಸ್ಕೋಪ್ ಮೇಲಕ್ಕೇಳುತ್ತದೆ, ಕೆನ್ನೆ ರೈಫಲ್‌ನ ಹಿಂಬದಿಯ ಸ್ಟಾಕ್ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ. ನನಗೆ 44 ಮಿಲಿಮೀಟರ್ ಹಿತ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಎರಡು ಸ್ಕೋಪ್‌ಗಳ ಲೆಕ್ಕವೂ ಒಂದೇ ಇರಬೇಕು. ನನ್ನವೆರಡೂ ಎಂಒಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ), ತಿರುಗಣೆಯ ಒಂದು ಕ್ಲಿಕ್ಕಿಗೆ ಕಾಲು ಎಂಒಎ, ರೆಟಿಕಲ್‌ನ (ಸ್ಕೋಪಿನೊಳಗೆ ಕಾಣುವ ಗುರಿಗುರುತಿನ) ಗೀಟುಗಳೂ ಒಂದೇ ಥರ. 100 ಗಜದಲ್ಲಿ ಒಂದು ಎಂಒಎ ಅಂದರೆ ಒಂದು ಇಂಚಿಗಿಂತ ಚೂರು ಹೆಚ್ಚು. ಗಂಟೆಗೆ 10 ಮೈಲಿಯ ಅಡ್ಡಗಾಳಿಗೆ .22 ಗುಂಡು 100 ಗಜದಲ್ಲಿ ಸುಮಾರು 4 ಇಂಚು ಸರಿಯುತ್ತದೆ. ಅದೇ ಗಾಳಿಗೆ .223ರ 55 ಗ್ರೇನ್ ತೂಕದ ಗುಂಡು 300 ಗಜದಲ್ಲಿ 9–10 ಇಂಚು. ಎಂಒಎಯಲ್ಲಿ ನೋಡಿದರೆ ಒಂದು ನಾಲ್ಕರ ಹತ್ತಿರ, ಇನ್ನೊಂದು ಮೂರರ ಹತ್ತಿರ. ಅಂದರೆ ಅಗ್ಗದ .22 ಗುಂಡಿನಲ್ಲೇ ದೂರದ ಗಾಳಿಯ ಅಭ್ಯಾಸ ಆಗುತ್ತದೆ! ಬೆಂಚು ಬಿಟ್ಟು ನೆಲದಲ್ಲಿ ಕೂತು, ಮೊಣಕಾಲೂರಿ, ಕೋಲಿಗಾನಿಸಿ ಹೊಡೆಯುತ್ತೇನೆ. .223 ಹಿಡಿದಾಗ ಕಣ್ಣಿಗೂ ಕೈಗೂ ಏನೂ ಹೊಸದೆನಿಸುವುದಿಲ್ಲ.

ಸ್ಕೋಪ್ ಕೂರಿಸಿದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. 100 ಗಜದಲ್ಲಿ ಎತ್ತರದ ಕಾಗದ ಹಾಕಿ, ತೂಗುಗುಂಡು ಬಿಟ್ಟು ನೆಟ್ಟಗೆ ಗೀಟೆಳೆದು, ಅದರ ಕೆಳಗಡೆ ಒಂದು ಚುಕ್ಕಿಯಿಡಿ. ಆ ಚುಕ್ಕಿಗೇ ಗುರಿಯಿಟ್ಟು ಮೊದಲು ಸೊನ್ನೆಯಲ್ಲಿ (ಗುರಿಯಿಟ್ಟಲ್ಲೇ ಗುಂಡು ಬೀಳುವ ಹೊಂದಿಕೆಯಲ್ಲಿ), ಆಮೇಲೆ 20 ಎಂಒಎ ಏರಿಸಿ ಹೊಡೆಯಿರಿ. ಗುಂಡೇಟುಗಳ ಎರಡು ಗುಂಪಿನ ನಡುವೆ ಹತ್ತಿರ ಹತ್ತಿರ 21 ಇಂಚು ಇರಬೇಕು. ಗುಂಪು ಗೀಟಿನಿಂದ ಪಕ್ಕಕ್ಕೆ ಸರಿದಿದ್ದರೆ ಸ್ಕೋಪ್ ವಾಲಿದೆ ಅಂತ ಅರ್ಥ.

ಈಗ .223ರಲ್ಲಿ ತಾಮ್ರದ ಗುಂಡು ಬಳಸುತ್ತೇನೆ. ಹೊಲದಲ್ಲಿ ಬಿದ್ದ ಪ್ರಾಣಿಗಳನ್ನು ಗಿಡುಗ, ಹದ್ದುಗಳು ತಿನ್ನುತ್ತವೆ. ಸೀಸದ ಚೂರು ಹೊಟ್ಟೆಗೆ ಹೋದರೆ ಅವಕ್ಕೆ ವಿಷ. ತಾಮ್ರಕ್ಕೆ ಬದಲಾಯಿಸಿದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು. ಹಳೆಯ ಸೊನ್ನೆ ನಂಬಬೇಡಿ, ಹೊಲಕ್ಕಿಳಿಯುವ ಮೊದಲು ಹೊಸದಾಗಿ ಸೊನ್ನೆ ಕೂರಿಸಿಕೊಳ್ಳಿ.